ಲೈಫ್ ಜಾಕೆಟ್ ಕೇಳ್ತೀರಿ, ರಾತ್ರಿ ಮಕ್ಕಳ ಜೊತೆ ಯಾರಿರ್ತಾರೆ ಅಂತ ಕೇಳಲ್ಲ

ಏಪ್ರಿಲ್ ಬಂದರೆ ಸಾಕು, ವಾಟ್ಸ್ಆ್ಯಪ್ ತುಂಬಾ ಪೋಸ್ಟರ್. ಟ್ರೆಕ್ಕಿಂಗ್, ಕಯಾಕಿಂಗ್, ಹಗ್ಗ ಹಿಡಿದು ಬಂಡೆ ಇಳಿಯೋದು, ರಾತ್ರಿ ಕ್ಯಾಂಪ್ ಫೈರ್. ಮೂರು ರಾತ್ರಿ, ನಾಲ್ಕು ಹಗಲು. ಊಟ ವಸತಿ ಸೇರಿ ಇಷ್ಟು ಅಂತ ಒಂದು ಮೊತ್ತ. ಕೊನೆಗೆ ಒಂದು ಒಪ್ಪಿಗೆ ಪತ್ರ. ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸಬೇಕು.

ಸಹಿ ಹಾಕೋ ಮೊದಲು ನಾವು ಏನು ಕೇಳ್ತೀವಿ ಹೇಳಿ? ಬಸ್ಸು ಎಷ್ಟು ಹೊತ್ತಿಗೆ? ಊಟ ಸಸ್ಯಾಹಾರವಾ? ಫೋನ್ ಕೊಟ್ಟು ಕಳಿಸಬಹುದಾ? ಸ್ವಲ್ಪ ಎಚ್ಚರ ಇರೋ ಪೋಷಕರಾದರೆ ಇನ್ನೊಂದು ಕೇಳ್ತಾರೆ: ನೀರಿಗೆ ಇಳಿಸೋವಾಗ ಲೈಫ್ ಜಾಕೆಟ್ ಹಾಕ್ತೀರಾ? ಒಳ್ಳೆಯ ಪ್ರಶ್ನೆ, ಕೇಳಲೇಬೇಕು. ಆದರೆ ಇನ್ನೊಂದು ಪ್ರಶ್ನೆ ಇದೆ. ನಮ್ಮ ಬಾಯಿಗೆ ಅದು ಬರೋದೇ ಇಲ್ಲ. ರಾತ್ರಿ ಮಕ್ಕಳು ಮಲಗೋ ಕಡೆ ಯಾವ ದೊಡ್ಡವರು ಇರ್ತಾರೆ? ಅವರು ಯಾರು? ಅವರ ಹಿನ್ನೆಲೆಯನ್ನ ಯಾರಾದರೂ ಪರಿಶೀಲಿಸಿದ್ದಾರಾ?

ಇವತ್ತು ಆ ಪ್ರಶ್ನೆಯ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು ಲೈಫ್ ಜಾಕೆಟ್ ಪ್ರಶ್ನೆ ಕೇಳೋಕೆ ನಾವು ಹೇಗೆ ಕಲಿತೆವು ಅನ್ನೋದನ್ನ ನೋಡೋಣ. ಯಾಕೆಂದರೆ ಅದನ್ನೂ ನಾವು ಸುಮ್ಮನೆ ಕಲಿಯಲಿಲ್ಲ, ಜೀವ ಕೊಟ್ಟು ಕಲಿತೆವು.

ಕಾರವಾರಕ್ಕೆ ಹೋದವರಿಗೆ ಬೈತಖೋಲ ಗೊತ್ತಿರುತ್ತೆ. ಒಂದು ಕಡೆ ಗುಡ್ಡ, ಪಕ್ಕದಲ್ಲೇ ವಾಣಿಜ್ಯ ಬಂದರು, ಕೆಳಗೆ ಮೀನುಗಾರಿಕಾ ಬಂದರು. ಸಾಲು ಸಾಲು ಟ್ರಾಲರ್‌ಗಳು. ಅಲ್ಲಿಂದ ಸಮುದ್ರದ ಕಡೆ ನೋಡಿದರೆ ದ್ವೀಪಗಳು. ಅದರಲ್ಲೊಂದು ಕೂರ್ಮಗಡ. ಪ್ರತಿ ವರ್ಷ ಬನದ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. ದಡದಿಂದ ಜನ ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲೇ ಬರಬೇಕು.

2019ರ ಜನವರಿ 21. ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ಒಂದು ದೋಣಿ ಮಗುಚಿತು. ಹಿಡಿಸೋದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. 16 ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ನೌಕಾಪಡೆಯ ನೆಲೆ, ಕರಾವಳಿ ಕಾವಲು ಪಡೆ, ಮೀನುಗಾರರು ಎಲ್ಲರೂ ಹತ್ತಿರದಲ್ಲೇ ಇರೋ ಜಾಗ ಅದು. ಆದರೂ 16 ಜೀವ ಹೋಯಿತು.

ಸುಮಾರು ಆರು ವರ್ಷ ಕಳೀತು. ಅದೇ ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲೂಕಿನ ಮುರುಡೇಶ್ವರ. 2024ರ ಡಿಸೆಂಬರ್ 10. ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಶಿಕ್ಷಕರು ಜೊತೆಯಲ್ಲೇ ಇದ್ದರು. ಆಮೇಲೆ ಬಂಧನ ಆಯಿತು, ಅಮಾನತು ಆಯಿತು, ಪರಿಹಾರ ಘೋಷಣೆ ಆಯಿತು. ನಾವೂ ಚಾನೆಲ್‌ಗಳಲ್ಲಿ ಎರಡು ದಿನ ಕೂಗಿದೆವು.

ಇಷ್ಟೆಲ್ಲ ಆದ ಮೇಲೆ ಈಗ ಪೋಷಕರ ಬಾಯಲ್ಲಿ ‘ಲೈಫ್ ಜಾಕೆಟ್ ಇದೆಯಾ’ ಅನ್ನೋ ಮಾತು ಬಂದಿದೆ. ನನ್ನ ಭಯ ಏನು ಗೊತ್ತಾ? ಎರಡನೇ ಪ್ರಶ್ನೆ ಕಲಿಯೋಕೂ ನಾವು ಹೀಗೇ ಮಕ್ಕಳನ್ನ ಬಲಿ ಕೊಡಬೇಕಾ?

ಉತ್ತರಕ್ಕೆ ತುಂಬಾ ದೂರ ಹೋಗಬೇಕಿಲ್ಲ. ಬೆಂಗಳೂರಿನಿಂದ ಹೊಸೂರು ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಕೃಷ್ಣಗಿರಿ. ತಮಿಳುನಾಡಿನ ಗಡಿ ಜಿಲ್ಲೆ, ಕನ್ನಡ ಮಾತಾಡೋ ಮನೆಗಳೂ ಅಲ್ಲಿವೆ. 2024ರ ಆಗಸ್ಟ್‌ನಲ್ಲಿ ಆ ಜಿಲ್ಲೆಯ ಬರ್ಗೂರು ಬಳಿಯ ಒಂದು ಖಾಸಗಿ ಶಾಲೆಯಲ್ಲಿ ಎನ್‌ಸಿಸಿ ಶಿಬಿರ ಅಂತ ನಡೀತು. ಮಕ್ಕಳು ಶಾಲೆಯಲ್ಲೇ ಉಳಿದರು. ಹುಡುಗಿಯರು ಸಭಾಂಗಣದಲ್ಲಿ ಮಲಗಿದರು. ತರಬೇತುದಾರ ಅಂತ ಬಂದವನು ಒಬ್ಬ ಬಾಲಕಿಯ ಮೇಲೆ ಅತ್ಯಾಚಾರ ಮಾಡಿದ, ಹತ್ತಕ್ಕೂ ಹೆಚ್ಚು ಹುಡುಗಿಯರಿಗೆ ಲೈಂಗಿಕ ಕಿರುಕುಳ ಆಯಿತು ಅನ್ನೋದು ಪೊಲೀಸರ ಪ್ರಕರಣ.

ಈಗ ಗಮನ ಇಟ್ಟು ಕೇಳಿ. ಆ ಶಾಲೆಗೆ ಎನ್‌ಸಿಸಿ ಘಟಕವೇ ಇರಲಿಲ್ಲ. ಆ ಶಿಬಿರಕ್ಕೂ ನಮಗೂ ಸಂಬಂಧ ಇಲ್ಲ ಅಂತ ಎನ್‌ಸಿಸಿಯೇ ಹೇಳಿತು. ಬಂದವನ ಹಿನ್ನೆಲೆಯನ್ನ ಶಾಲೆ ಪರಿಶೀಲಿಸಿರಲಿಲ್ಲ. ರಾತ್ರಿ ಮಕ್ಕಳ ಮೇಲ್ವಿಚಾರಣೆಗೆ ಶಿಕ್ಷಕರನ್ನ ಹಾಕಿರಲಿಲ್ಲ. ಇಷ್ಟೂ ಒಂದು ಕಡೆ. ಇನ್ನೊಂದು ಕಡೆ, ಮಕ್ಕಳು ಬಾಯಿ ಬಿಟ್ಟು ಹೇಳಿದ್ದರು! ಶಾಲೆಯ ಹಿರಿಯರಿಗೆ ಹೇಳಿದ್ದರು. ಅವರು ಪೊಲೀಸರಿಗೆ ತಿಳಿಸಲಿಲ್ಲ, ವಿಷಯ ದೊಡ್ಡದು ಮಾಡಬೇಡಿ ಅಂದರು ಅನ್ನೋದು ಆರೋಪ. ಮಗು ಮನೆಗೆ ಬಂದು ಹೇಳಿದ ಮೇಲೆ, ಹೆತ್ತವರು ಠಾಣೆ ಮೆಟ್ಟಿಲು ಹತ್ತಿದ ಮೇಲೆ ಪ್ರಕರಣ ಆಯಿತು. ತರಬೇತುದಾರನ ಜೊತೆ ಶಾಲೆಯವರ ಬಂಧನವೂ ಆಯಿತು. ಮುಖ್ಯ ಆರೋಪಿ ವಿಚಾರಣೆ ಶುರುವಾಗೋ ಮೊದಲೇ ಸತ್ತುಹೋದ.

ಆ ಮಕ್ಕಳಿಗೆ ರಕ್ಷಣೆ ಕೊಡಬಹುದಾಗಿದ್ದ ಬಾಗಿಲುಗಳು ಎಷ್ಟಿದ್ದವು ಅಂತ ಎಣಿಸಿ. ಬಂದವನು ಯಾರು ಅಂತ ಕೇಳಿದ್ದರೆ ಒಂದು. ರಾತ್ರಿ ಇಬ್ಬರು ಶಿಕ್ಷಕಿಯರನ್ನ ಹಾಕಿದ್ದರೆ ಇನ್ನೊಂದು. ಮಗು ಹೇಳಿದ ದಿನವೇ ಪೊಲೀಸರಿಗೆ ಫೋನ್ ಮಾಡಿದ್ದರೆ ಮತ್ತೊಂದು. ಮೂರಕ್ಕೂ ಹಣ ಬೇಕಿರಲಿಲ್ಲ.

ಶಿಬಿರವೇ ಬೇಡ ಅಂತ ನಾನು ಹೇಳ್ತಿಲ್ಲ. ಮೊಬೈಲ್ ಬಿಟ್ಟು ಮಗು ನಾಲ್ಕು ದಿನ ಕಾಳಿ ನದಿ ನೋಡಲಿ, ದೋಣಿ ಹತ್ತಲಿ, ಬಿದ್ದು ಎದ್ದು ಧೈರ್ಯ ಕಲಿಯಲಿ. ಆದರೆ ಶಿಬಿರ ಅನ್ನೋದು ಶಾಲೆ ಥರ ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಅರ್ಥ ಮಾಡ್ಕೋಬೇಕು.

ಶಾಲೆಯಲ್ಲಿ ಸಂಜೆಗೆ ಮಗು ಮನೆಗೆ ಬರುತ್ತೆ. ಮುಖ ನೋಡಿದರೆ ಅಮ್ಮನಿಗೆ ಗೊತ್ತಾಗುತ್ತೆ. ಶಿಬಿರದಲ್ಲಿ ಆ ಸಂಜೆ ಇಲ್ಲ. ಫೋನ್ ತೆಗೆದಿಟ್ಟಿರ್ತಾರೆ. ಊರು ಹೊಸದು, ದಾರಿ ಗೊತ್ತಿಲ್ಲ. ಊಟ, ನಿದ್ದೆ, ಮನೆಗೆ ವಾಪಸ್ ಹೋಗೋದು, ಎಲ್ಲವೂ ಆ ತರಬೇತುದಾರನ ಕೈಯಲ್ಲಿ. ಇನ್ನೊಂದು ವಿಷಯ. ಹಗ್ಗ ಕಟ್ಟೋವಾಗ, ಈಜು ಕಲಿಸೋವಾಗ, ಕಯಾಕ್‌ಗೆ ಹತ್ತಿಸೋವಾಗ ಮೈ ಮುಟ್ಟಲೇಬೇಕಾಗುತ್ತೆ. ಕೆಲಸಕ್ಕಾಗಿ ಮುಟ್ಟಿದ್ದು ಎಲ್ಲಿ ಮುಗೀತು, ಬೇರೆ ಉದ್ದೇಶ ಎಲ್ಲಿ ಶುರುವಾಯಿತು ಅನ್ನೋದು ಹತ್ತು ವರ್ಷದ ಮಗುವಿಗೆ ಹೇಗೆ ತಿಳಿಯಬೇಕು? ಬಟ್ಟೆ ಬದಲಿಸೋ ಜಾಗ, ಸ್ನಾನದ ಜಾಗ, ಟೆಂಟು, ಎಲ್ಲವೂ ತೆರೆದ ಬಯಲಿನ ವ್ಯವಸ್ಥೆ.

ಅದಕ್ಕಿಂತ ದೊಡ್ಡದು, ಆ ತರಬೇತುದಾರ ಮಗುವಿನ ಕಣ್ಣಲ್ಲಿ ಹೀರೋ. ಬಂಡೆ ಹತ್ತುತ್ತಾನೆ, ಸಮುದ್ರಕ್ಕೆ ಹಾರ್ತಾನೆ. ಕೆಟ್ಟ ಉದ್ದೇಶ ಇರೋನು ಮೊದಲ ದಿನವೇ ಕೈ ಹಾಕಲ್ಲ. ಮೊದಲು ಒಂದು ಮಗುವನ್ನ ‘ನೀನು ಎಲ್ಲರಿಗಿಂತ ಚೆನ್ನಾಗಿ ಮಾಡ್ತೀಯ’ ಅಂತಾನೆ. ಒಂದು ಚಾಕಲೇಟ್ ಕೊಡ್ತಾನೆ. ಮನೆಯವರ ಜೊತೆ ಸ್ನೇಹ ಬೆಳೆಸ್ತಾನೆ. ಶಿಬಿರ ಮುಗಿದ ಮೇಲೂ ರಾತ್ರಿ ಮೆಸೇಜ್ ಮಾಡ್ತಾನೆ. ‘ಇದು ನಮ್ಮಿಬ್ಬರ ಗುಟ್ಟು’ ಅಂತಾನೆ. ಆ ಮಾತು ಬಂತು ಅಂದರೆ ಅಪಾಯ ಬಂತು ಅಂತ ನಿಮ್ಮ ಮಗುವಿಗೆ ಹೇಳಿಕೊಡಿ. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ. ಗಂಡುಮಕ್ಕಳಿಗೂ ಹೇಳಿ. ‘ಗಂಡ್ಹುಡುಗ, ಅವನಿಗೇನಾಗುತ್ತೆ’ ಅನ್ನೋ ಮಾತಿನಿಂದಲೇ ಎಷ್ಟೋ ಹುಡುಗರು ಬಾಯಿ ಮುಚ್ಚಿಕೊಂಡು ದೊಡ್ಡವರಾಗಿದ್ದಾರೆ.

ಇಲ್ಲಿ ಸಂಘಟಕರು ಒಂದು ಮಾತು ಹೇಳ್ತಾರೆ. ‘ಸರ್, ನಮ್ಮ ಹುಡುಗರು ತುಂಬಾ ಒಳ್ಳೆಯವರು. ನಮಗೆ ನಂಬಿಕೆ ಇದೆ.’ ಇರಬಹುದು. ನಾನು ಅವರಿಗೆ ಬೈತಖೋಲದ ಮೀನುಗಾರರನ್ನ ತೋರಿಸ್ತೀನಿ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೂವತ್ತು ವರ್ಷ ಸಮುದ್ರ ಕಂಡ ತಾಂಡೇಲ ಇರಬಹುದು, ಅಲೆ ನೋಡಿದರೆ ಗಾಳಿ ಹೇಳೋ ಮನುಷ್ಯ ಇರಬಹುದು. ಅವನ ದೋಣಿಯೂ ದಡದಲ್ಲೇ ಇರಬೇಕು. ನೀನು ಒಳ್ಳೆಯವನಾ, ನುರಿತವನಾ ಅಂತ ನಿಯಮ ಕೇಳಲ್ಲ. ಎಲ್ಲರಿಗೂ ಒಂದೇ. ಮಕ್ಕಳ ರಕ್ಷಣೆಯ ನಿಯಮವೂ ಹಾಗೇ ಇರಬೇಕು. ಒಬ್ಬನ ಒಳ್ಳೆಯತನದ ಮೇಲೆ ನಿಂತಿದ್ದು ವ್ಯವಸ್ಥೆ ಅನ್ನಿಸಿಕೊಳ್ಳಲ್ಲ.

ಮೊದಲ ನಿಯಮ ತುಂಬಾ ಸರಳ. ಯಾವ ದೊಡ್ಡವರೂ ಯಾವ ಮಗುವಿನ ಜೊತೆಯೂ ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಒಬ್ಬರೇ ಇರಬಾರದು. ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು. ಹುಡುಗಿಯರಿದ್ದರೆ ಅದರಲ್ಲಿ ಮಹಿಳೆಯರು ಇರಲೇಬೇಕು. ಹಾಗಂತ ದೊಡ್ಡವರು ಮಕ್ಕಳ ಟೆಂಟಿನಲ್ಲಿ ಮಲಗೋ ಹಾಗಿಲ್ಲ. ಪಕ್ಕದಲ್ಲಿ, ಕೂಗಿದರೆ ಕೇಳೋ ದೂರದಲ್ಲಿ ಇರಬೇಕು. ಮಗುವಿಗೆ ವೈಯಕ್ತಿಕ ಮೆಸೇಜ್ ಕಳಿಸೋ ಹಾಗಿಲ್ಲ, ಪೋಷಕರೂ ಇರೋ ಗುಂಪಿನಲ್ಲೇ ಮಾತು. ಈ ನಿಯಮದಿಂದ ಒಳ್ಳೆಯ ತರಬೇತುದಾರನಿಗೆ ಅವಮಾನ ಇಲ್ಲ. ಸುಳ್ಳು ಆರೋಪದಿಂದ ಅವನನ್ನೂ ಇದೇ ಕಾಪಾಡುತ್ತೆ.

ಜಗತ್ತಿನ ದೊಡ್ಡ ದೊಡ್ಡ ಸ್ಕೌಟ್ ಸಂಸ್ಥೆಗಳು ಈ ನಿಯಮಕ್ಕೆ ಬಂದಿದ್ದು ಪೆಟ್ಟು ತಿಂದ ಮೇಲೆ. ಅಮೆರಿಕದ ಬಾಯ್ ಸ್ಕೌಟ್ಸ್ ಕತೆ ಕೇಳಿ. ಯಾವ ಕಾರ್ಯಕರ್ತರಿಂದ ಮಕ್ಕಳಿಗೆ ಅಪಾಯ ಅನ್ನೋ ಪಟ್ಟಿ, ಕಡತ ಆ ಸಂಸ್ಥೆಯ ಹತ್ತಿರ ದಶಕಗಳಿಂದ ಇತ್ತು. ಎಷ್ಟೋ ಪ್ರಕರಣಗಳಲ್ಲಿ ಪೊಲೀಸರಿಗೆ ಕೊಡಲಿಲ್ಲ, ಪೋಷಕರಿಗೆ ಹೇಳಲಿಲ್ಲ, ಬೀರುವಿನಲ್ಲಿ ಇಟ್ಟಿತು. ಸಂಸ್ಥೆಯ ಹೆಸರು ಕೆಡಬಾರದು ಅಂತ. ಕೊನೆಗೆ 2020ರ ಫೆಬ್ರವರಿಯಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಆಮೇಲೆ ಮುಂದೆ ಬಂದ ದೂರುಗಳು 82,000ಕ್ಕೂ ಹೆಚ್ಚು. ಹೆಸರು ಉಳಿಸೋಕೆ ಹೋಗಿ ಹೆಸರೂ ಹೋಯಿತು, ಮಕ್ಕಳ ಬಾಳೂ ಹೋಯಿತು.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ? ಮಕ್ಕಳ ಸಾಹಸ ಕೇಂದ್ರಗಳಿಗೆ ಅಂತಲೇ ಸಂಸತ್ತು ಮಾಡಿದ ಕಾಯ್ದೆ ಬ್ರಿಟನ್ನಿನಲ್ಲಿದೆ, ನಮ್ಮಲ್ಲಿಲ್ಲ. ಆದರೆ ಕಾನೂನೇ ಇಲ್ಲ ಅಂತ ಅಲ್ಲ. 2012ರ ಪೋಕ್ಸೊ ಕಾಯ್ದೆ ಇದೆ. ಅದರ ಕೆಳಗೆ ಬಂದ 2020ರ ನಿಯಮಗಳು ಸ್ಪಷ್ಟವಾಗಿ ಹೇಳ್ತವೆ: ಮಕ್ಕಳು ಉಳಿಯೋ, ಅಥವಾ ಮಕ್ಕಳ ಜೊತೆ ನಿಯಮಿತವಾಗಿ ಒಡನಾಟ ಇರೋ ಯಾವುದೇ ಸಂಸ್ಥೆ, ಶಾಲೆಯಾಗಲಿ, ಕ್ರೀಡಾ ಅಕಾಡೆಮಿಯಾಗಲಿ, ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಕಾಯಂ ಸಿಬ್ಬಂದಿ ಅಷ್ಟೇ ಅಲ್ಲ, ಗುತ್ತಿಗೆಯವರದ್ದೂ. ಸೀಸನ್‌ಗೆ ಅಂತ ಎರಡು ತಿಂಗಳು ಬಂದು ಹೋಗೋ ತರಬೇತುದಾರ, ಅಡುಗೆಯವನು, ವ್ಯಾನ್ ಡ್ರೈವರ್, ಮಗುವಿನ ಹತ್ತಿರ ಬರೋ ಎಲ್ಲರದ್ದೂ ಮಾಡಿಸಬೇಕು.

ಎರಡನೆಯದು ಇನ್ನೂ ಮುಖ್ಯ. ಪೋಕ್ಸೊ 19ನೇ ಸೆಕ್ಷನ್. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ, ನಡೆಯಬಹುದು ಅನ್ನೋ ಆತಂಕ ಇದ್ದರೂ, ಪೊಲೀಸರಿಗೆ ತಿಳಿಸಲೇಬೇಕು. ಗಮನಿಸಿ, ‘ತಿಳಿಸಬಹುದು’ ಅಂತ ಇಲ್ಲ. ತಿಳಿಸದೇ ಹೋದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ನಿಲ್ಲಲ್ಲ. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ವಸತಿ ಶಾಲೆಯ ಪ್ರಕರಣದಲ್ಲಿ ಇದನ್ನೇ ಹೇಳಿತು. ಗೊತ್ತಿದ್ದೂ ತಿಳಿಸದೇ ಇರೋದು ಗಂಭೀರ ಅಪರಾಧ, ಅಪರಾಧಿಯನ್ನ ಕಾಪಾಡೋ ಪ್ರಯತ್ನ ಅಂತ.

ಹಾಗಾದರೆ ಮಗು ಬಂದು ಹೇಳಿದಾಗ ಶಿಬಿರದ ಮುಖ್ಯಸ್ಥರು ಏನು ಮಾಡಬೇಕು? ‘ನಾವೇ ವಿಚಾರಣೆ ಮಾಡ್ತೀವಿ’ ಅಂತ ಕೂರಬಾರದು. ಆರೋಪ ಇರೋನನ್ನ ಕರೆದು ಮಗುವಿನ ಎದುರು ನಿಲ್ಲಿಸಬಾರದು. ‘ನಿಜ ಹೇಳ್ತಿದ್ದೀಯಾ’ ಅಂತ ಹತ್ತು ಸಲ ಕೇಳಬಾರದು. ಕೇಳಿಸಿಕೊಳ್ಳಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಅನ್ನಿ. ಮಗು ಹೇಳಿದ ಮಾತನ್ನ ಹಾಗೇ ಬರೆದಿಡಿ. ಆ ವ್ಯಕ್ತಿಯನ್ನ ಮಕ್ಕಳಿಂದ ದೂರ ಇಡಿ. ಹೆತ್ತವರಿಗೆ ಹೇಳಿ, ಪೊಲೀಸರಿಗೆ ಹೇಳಿ. 1098 ಮಕ್ಕಳ ಸಹಾಯವಾಣಿ, 112 ತುರ್ತು ನಂಬರ್, ಎರಡೂ ಉಚಿತ. ಸತ್ಯಾಸತ್ಯ ನೋಡೋದು ಪೊಲೀಸರು, ಕೋರ್ಟು. ನಿಮ್ಮ ಕೆಲಸ ತಿಳಿಸೋದು.

ಠಾಣೆ ಅಂದರೆ ಪೋಷಕರಿಗೆ ಭಯ, ನನಗೆ ಅರ್ಥ ಆಗುತ್ತೆ. ಅಂಕೋಲಾದಂಥ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ‘ನಾಳೆ ಹುಡುಗಿ ಗತಿ ಏನು’ ಅಂತ ಅಜ್ಜಿ ಕೇಳ್ತಾರೆ. ಆದರೆ ಕಾನೂನು ಇದನ್ನೂ ಯೋಚನೆ ಮಾಡಿದೆ. ಹೇಳಿಕೆಯನ್ನ ಮಗುವಿನ ಮನೆಯಲ್ಲೇ, ಅಥವಾ ಮಗು ಹೇಳಿದ ಜಾಗದಲ್ಲೇ ದಾಖಲಿಸಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಬರಬೇಕು, ಬರೋವಾಗ ಯೂನಿಫಾರ್ಮ್ ಇರಬಾರದು. ರಾತ್ರಿ ಹೊತ್ತು ಮಗುವನ್ನ ಠಾಣೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಮಗುವಿನ ಹೆಸರು, ಫೋಟೋ, ಮನೆ, ಶಾಲೆ, ಗುರುತು ಸಿಗೋ ಯಾವುದನ್ನೂ ಪ್ರಕಟ ಮಾಡೋ ಹಾಗಿಲ್ಲ. ಮಾಡಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ನನಗೂ, ನನ್ನಂಥ ಎಲ್ಲ ಆಂಕರ್‌ಗಳಿಗೂ ಅನ್ವಯ.

ಇನ್ನೊಂದು ವರ್ಗ ಇದೆ, ಅವರ ಬಗ್ಗೆ ನಾವು ಮಾತೇ ಆಡಲ್ಲ. ವಯಸ್ಸಿನಲ್ಲಿ ದೊಡ್ಡವರು, ಆದರೆ ತಮ್ಮನ್ನ ತಾವು ಕಾಪಾಡಿಕೊಳ್ಳೋಕೆ ಕಷ್ಟ ಇರೋರು. ಬುದ್ಧಿಮಾಂದ್ಯತೆ ಇರೋ ಇಪ್ಪತ್ತರ ಹುಡುಗ, ಮಾತು ಬಾರದ ಯುವತಿ. ಇವರೂ ಶಿಬಿರಕ್ಕೆ ಬರ್ತಾರೆ, ಬರಬೇಕು. ಆದರೆ 18 ತುಂಬಿದ ಮೇಲೆ ಪೋಕ್ಸೊ ಅನ್ವಯ ಆಗಲ್ಲ. 2017ರಲ್ಲಿ ದೆಹಲಿಯ ಪ್ರಕರಣವೊಂದು ಸುಪ್ರೀಂ ಕೋರ್ಟ್ ಮುಂದೆ ಬಂತು. ಸೆರೆಬ್ರಲ್ ಪಾಲ್ಸಿ ಇದ್ದ 38 ವರ್ಷದ ಮಹಿಳೆ. ಅವರ ಮಾನಸಿಕ ವಯಸ್ಸು ಪುಟ್ಟ ಮಗುವಿನಷ್ಟು, ಹಾಗಾಗಿ ಪೋಕ್ಸೊ ರಕ್ಷಣೆ ಕೊಡಿ ಅಂತ ಅವರ ತಾಯಿ ಕೇಳಿದ್ದರು. ಕಾಯ್ದೆ ನೋಡೋದು ದೇಹದ ವಯಸ್ಸನ್ನ, ಮನಸ್ಸಿನ ವಯಸ್ಸನ್ನ ಅಲ್ಲ ಅಂತ ಕೋರ್ಟ್ ಹೇಳಿತು. ಅಂಥವರಿಗೆ ಇರೋದು ಸಾಮಾನ್ಯ ದಂಡ ಕಾನೂನು ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 7ನೇ ಸೆಕ್ಷನ್ ಪ್ರಕಾರ ದೌರ್ಜನ್ಯದ ಮಾಹಿತಿಯನ್ನ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು. ಇಲ್ಲಿ ‘ಕೊಡಬಹುದು’ ಅಂತಿದೆ. ಆದ್ದರಿಂದ ಸಂಸ್ಥೆಗಳು ತಮ್ಮ ಸ್ವಂತ ನಿಯಮದಲ್ಲೇ ‘ಕೊಡಲೇಬೇಕು’ ಅಂತ ಬರೆದುಕೊಳ್ಳಬೇಕು.

ಈಗ ತರಬೇತುದಾರರಿಗೆ, ಸಹಾಯಕರಿಗೆ ಒಂದು ಮಾತು. 1993ರ ಮಾರ್ಚ್ 22. ಇಂಗ್ಲೆಂಡಿನ ಲೈಮ್ ಬೇ ಅನ್ನೋ ಕಡೆ ಕಯಾಕಿಂಗ್‌ಗೆ ಹೋದ ನಾಲ್ವರು ಹದಿಹರೆಯದ ಮಕ್ಕಳು ಸಮುದ್ರದಲ್ಲಿ ಸತ್ತರು. ಆ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದ ಇಬ್ಬರು ತರಬೇತುದಾರರು ಅದಕ್ಕೂ ತಿಂಗಳುಗಳ ಹಿಂದೆಯೇ ಮಾಲೀಕರಿಗೆ ಪತ್ರ ಬರೆದಿದ್ದರು. ಸುರಕ್ಷತೆ ಸರಿಯಿಲ್ಲ, ಹೀಗೇ ಬಿಟ್ಟರೆ ಅನಾಹುತ ಆಗುತ್ತೆ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುರಂತದ ನಂತರ ಅದೇ ಪತ್ರ ಕೋರ್ಟಿನಲ್ಲಿ ಸಾಕ್ಷಿ ಆಯಿತು. ಮಾಲೀಕ ಜೈಲಿಗೆ ಹೋದ. ಕಂಪನಿಯ ಮೇಲೆಯೇ ನರಹತ್ಯೆಯ ಅಪರಾಧ ಸಾಬೀತಾಯಿತು, ಬ್ರಿಟನ್ನಿನಲ್ಲಿ ಅದೇ ಮೊದಲು. ನಾನು ಆಗ ಹೇಳಿದ ಬ್ರಿಟನ್ನಿನ ಕಾಯ್ದೆ ಹುಟ್ಟಿದ್ದು ಆ ಸಾವುಗಳಿಂದ, 1995ರಲ್ಲಿ. ನೀರಿನ ಅಪಾಯ ಇರಲಿ, ಮನುಷ್ಯನ ಅಪಾಯ ಇರಲಿ, ಮೊದಲು ಗೊತ್ತಾಗೋದು ಒಳಗೆ ಕೆಲಸ ಮಾಡೋರಿಗೆ. ಸಹೋದ್ಯೋಗಿಯ ನಡತೆ ಸರಿ ಕಾಣಲಿಲ್ಲವಾ? ಬಾಯಿಮಾತಲ್ಲಿ ಬಿಡಬೇಡಿ. ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಒಳಗಿನವರು ಕೇಳದಿದ್ದರೆ ಹೊರಗೆ ಹೇಳಿ.

ಪೋಷಕರೇ, ಈ ಸಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮೊದಲು ಇಷ್ಟು ಕೇಳಿ.

ಒಂದು, ಸಂಸ್ಥೆ ಯಾವುದು? ಎನ್‌ಸಿಸಿ ಅಂದರೆ ಯಾವ ಬೆಟಾಲಿಯನ್, ಶಾಲೆಯ ಎನ್‌ಸಿಸಿ ಅಧಿಕಾರಿ ಯಾರು? ಸ್ಕೌಟ್ ಅಂದರೆ ಜಿಲ್ಲಾ ಸಂಸ್ಥೆಗೆ ಗೊತ್ತಿದೆಯಾ? ಸಮವಸ್ತ್ರ ಅಂಗಡಿಯಲ್ಲಿ ಸಿಗುತ್ತೆ, ಅದನ್ನ ನೋಡಿ ನಂಬಬೇಡಿ.

ಎರಡು, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯಾ? ಗುತ್ತಿಗೆಯವರದ್ದೂ ಆಗಿದೆಯಾ?

ಮೂರು, ರಾತ್ರಿ ಮಕ್ಕಳು ಎಲ್ಲಿ ಮಲಗ್ತಾರೆ? ಹತ್ತಿರ ಇರೋ ಇಬ್ಬರು ದೊಡ್ಡವರು ಯಾರು? ಮಹಿಳಾ ಸಿಬ್ಬಂದಿ ಎಷ್ಟು?

ನಾಲ್ಕು, ಮಗು ನಮಗೆ ದಿನಕ್ಕೊಮ್ಮೆ ಫೋನ್ ಮಾಡಬಹುದಾ? ಪಕ್ಕದಲ್ಲಿ ಯಾರೂ ನಿಂತು ಕೇಳಿಸಿಕೊಳ್ಳದೇ?

ಐದು, ದೂರು ಯಾರಿಗೆ? ದೂರು ಮುಖ್ಯಸ್ಥನ ಮೇಲೆಯೇ ಇದ್ದರೆ ಯಾರಿಗೆ?

ಆರು, ನೀರಿಗೆ ಇಳಿಸೋವಾಗ ಎಷ್ಟು ಮಕ್ಕಳಿಗೆ ಎಷ್ಟು ಜನ? ದೋಣಿ ಎಷ್ಟು ಜನರದ್ದು? ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ?

ಇದನ್ನೆಲ್ಲ ಕೇಳಿದರೆ ‘ಏನ್ ಮೇಡಂ, ನಮ್ಮ ಮೇಲೆ ಅನುಮಾನನಾ’ ಅಂತ ಮುಖ ಗಂಟಿಕ್ಕುವವರು ಇರ್ತಾರೆ. ಅಲ್ಲಿಗೆ ಕಳಿಸಬೇಡಿ. ‘ಬನ್ನಿ, ಕೂತ್ಕೊಳ್ಳಿ, ಇದು ನಮ್ಮ ನಿಯಮದ ಪಟ್ಟಿ’ ಅಂತ ಕಾಗದ ಮುಂದಿಡುವವರೂ ಇದ್ದಾರೆ. ಅವರು ಕೇಳಿದ ಹಣ ಸ್ವಲ್ಪ ಹೆಚ್ಚಾದರೂ ಅಲ್ಲಿಗೇ ಕಳಿಸಿ.

ಶಿಬಿರಕ್ಕೆ ಹೊರಡೋ ಹಿಂದಿನ ರಾತ್ರಿ ಬ್ಯಾಗಿಗೆ ಟಾರ್ಚು, ಟವೆಲ್ಲು ಎಲ್ಲ ತುಂಬ್ತೀರಲ್ಲ, ಆಗ ಮಗುವಿನ ಜೊತೆ ಐದು ನಿಮಿಷ ಕೂತು ಹೇಳಿ: ‘ಯಾರೇ ಆಗಲಿ, ಸರ್ ಆಗಲಿ ಅಣ್ಣ ಆಗಲಿ, ನಿನಗೆ ಹಿಂಸೆ ಅನ್ನಿಸೋ ಹಾಗೆ ನಡ್ಕೊಂಡ್ರೆ ನಮಗೆ ಹೇಳು. ನಾವು ಬೈಯಲ್ಲ. ಅರ್ಧ ರಾತ್ರಿ ಆದ್ರೂ ಬಂದು ಕರ್ಕೊಂಡು ಹೋಗ್ತೀವಿ.’ ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಕೃಷ್ಣಗಿರಿಯ ಆ ಹುಡುಗಿಯರು ದೊಡ್ಡವರನ್ನ ನಂಬಿ ಹೇಳಿದ್ದರು. ನಿಮ್ಮ ಮಗು ಹೇಳಿದರೆ ಕೇಳೋಕೆ ನೀವು ತಯಾರಿದ್ದೀರಾ?